ಬಿಸಿಲ ನಾಡಿನ ಬೆಂಕಿಮನೆ

ಕಲಬುರಗಿಯಿಂದ ಜೇವರ್ಗಿ ಕಡೆ ಹೊರಟವರು ರಸ್ತೆ ಬಿಟ್ಟು ಭೀಮೆಯ ದಂಡೆಗೆ ಹೊರಳಿದರೆ ಫಿರೋಜಾಬಾದ್ ಸಿಗುತ್ತದೆ. ಹೋದವರೆಲ್ಲ ಕೋಟೆಗೋಡೆ, ಮಸೀದಿ ನೋಡಿ ಬರುತ್ತಾರೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಹಮಾಮು, ಅಂದರೆ ಹಬೆಯ ಜಳಕದ ಮನೆ.

ಜಾಲಿಕಂಟಿ ಸರಿಸಿ ತಲೆ ಬಗ್ಗಿಸಿ ಒಳಹೊಕ್ಕರೆ ಕತ್ತಲು. ಗಾರೆ ಉದುರಿದ ಕಡೆ ಒರಟು ಕಲ್ಲು, ಉಳಿದ ಕಡೆ ಅಂಗೈ ಆಡಿಸಿದರೆ ಇನ್ನೂ ನುಣುಪು. ಕತ್ತೆತ್ತಿದರೆ ಒಂದು ಕೋಣೆಗೆ ದುಂಡು ಗುಮ್ಮಟ, ಇನ್ನೊಂದಕ್ಕೆ ಪಿರಮಿಡ್ಡಿನಂಥ ಚೂಪು ಛಾವಣಿ. ಜಳಕದ ಮನೆಗೆ ಇಷ್ಟೊಂದು ಸೊಗಸೇಕೆ? ಅಂದಕ್ಕಷ್ಟೇ ಅಲ್ಲ ಅನ್ನುವುದು ನನ್ನ ಗುಮಾನಿ. ಚಪ್ಪಟೆ ಛಾವಣಿಯಾದರೆ ಹಬೆ ತಣಿದು ತಲೆಯ ಮೇಲೇ ತೊಟ್ಟಿಕ್ಕುತ್ತದೆ; ಇಳಿಜಾರಾದರೆ ಗೋಡೆಗುಂಟ ಇಳಿದುಹೋಗುತ್ತದೆ.

ಚರಿತ್ರೆ ಗೊತ್ತಿದ್ದದ್ದೇ. 1397ರಿಂದ 1422ರವರೆಗೆ ಆಳಿದ ಫಿರೋಜ್ ಷಾ ಬಹಮನಿ 1400ರ ಸುಮಾರಿಗೆ ಕಟ್ಟಿಸಿದ ಊರು. ಪಡುವಣಕ್ಕೆ ನದಿ, ಉಳಿದ ಮೂರು ದಿಕ್ಕಿಗೆ ಗೋಡೆ. ಅವನ ತಮ್ಮ ಅಹ್ಮದ್ ಷಾ ರಾಜಧಾನಿಯನ್ನು ಬೀದರಿಗೆ ಒಯ್ದ ಮೇಲೆ ಇದರ ಕಳೆ ಇಳಿಯಿತು. ಜಾರ್ಜ್ ಮಿಚೆಲ್ ಮತ್ತು ರಿಚರ್ಡ್ ಈಟನ್ 1992ರಲ್ಲಿ ಈ ಊರಿನ ಮೇಲೆ ಪುಸ್ತಕವನ್ನೇ ತಂದರು. ದಖನ್ನಿನಲ್ಲಿ ಉಳಿದಿರುವ ಅತಿ ಹಳೆಯ ಹಮಾಮುಗಳಲ್ಲಿ ಇಲ್ಲಿಯವೂ ಸೇರುತ್ತವೆ.

ಹಮಾಮಿನ ಹಿಕಮತ್ತು ಇಷ್ಟೇ: ಒಲೆ ಒಂದು ಬದಿಗೆ, ಜಳಕದವರ ಕಣ್ಣಿಗೆ ಬೀಳದಂತೆ. ಬಿಸಿಗಾಳಿ ನೆಲದಡಿ ಹರಿದು ಕಲ್ಲನ್ನು ಕಾಯಿಸುತ್ತದೆ, ಕಾವು ಸೋರದಿರಲೆಂದು ಕಿಟಕಿ ಇಡುವುದಿಲ್ಲ, ಬೆಳಕು ನೆತ್ತಿಯ ತೂತಿನಿಂದ. ರೋಮನ್ನರ ಈ ವಿದ್ಯೆ ಅರಬರು, ಪರ್ಷಿಯನ್ನರ ಕೈದಾಟಿ ಭೀಮೆಯವರೆಗೂ ಬಂತು. ನಮ್ಮ ಬಚ್ಚಲ ಹಂಡೆಯದೂ ಅದೇ ಲೆಕ್ಕ: ಉರಿ ಹಿಂದೆ, ನೀರು ಮುಂದೆ.

ಇದನ್ನು ನೋಡಿ ಬಂದ ಮೇಲೆ ಹೊಸ ಬಂಗಲೆಗಳ ಹಾಲಿನ ‘ಫೈರ್‌ಪ್ಲೇಸ್’ ಕಂಡರೆ ನಗು ಬರುತ್ತದೆ. ವಿಲಾಯತಿ ಕಮಾನು, ಒಳಗೆ ಎಲ್‌ಇಡಿ ಜ್ವಾಲೆ, ಮೇಲೆ ಎಸಿ! ಚಳಿನಾಡಿನ ತೆರೆದ ಒಲೆಯೂ ಅಷ್ಟೇನೂ ಜಾಣ ಅಲ್ಲ, ಕಾವಿನ ಬಹುಪಾಲು ಚಿಮಣಿ ಹತ್ತಿ ಹೋಗುತ್ತದೆ. ಇನ್ನು ಒಲೆ ಕಟ್ಟುವ ಕಲ್ಲಿನ ಮಾತಿಗೆ ಬಂದರೆ, ನಮ್ಮ ಶಹಾಬಾದಿ ಸುಣ್ಣಕಲ್ಲು; ಪದರ ಪದರವಾದ ಅದು ನೆಲಕ್ಕೆ ಲಾಯಕ್ಕು, ನಿಜವಾದ ಉರಿ ಹಚ್ಚಿದರೆ ಸಿಡಿದೀತು. ಆಳಂದ, ಅಫಜಲಪುರದ ಕರಿಕಲ್ಲಾದರೆ ಲಾವಾ ಆರಿ ಆದದ್ದು, ಬೆಂಕಿಗೆ ಹೆದರುವ ಜಾತಿಯದಲ್ಲ.

ಕಲಬುರಗಿ ಸೀಮೆಯಲ್ಲಿ ಹಳೇ ಕಾಲದ ಶೈಲಿಯ ಒಲೆ ಬೇಕೆನ್ನುವವರು ಹಾಲಿನ ಗೋಡೆ ಬಿಟ್ಟು ಬಚ್ಚಲಿಗೆ ದುಡ್ಡು ಸುರಿಯಲಿ. ಬಹಮನಿ ಸುಲ್ತಾನನೂ ಅದನ್ನೇ ಮಾಡಿದ್ದು.