ಮೀನು ನೀರಿನಲ್ಲೇ ಇರಲಿ, ಕ್ಯಾಮೆರಾ ನೀರಿಗಿಳಿಯಲಿ

ಗಾಳಕ್ಕೆ ಸಿಕ್ಕ ಮೀನನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, ಫೋಟೊ ತೆಗೆಸಿಕೊಂಡು, ಮತ್ತೆ ನೀರಿಗೆ ಬಿಡುವುದು ಹವ್ಯಾಸಿ ಗಾಳಗಾರರ ರೂಢಿ. ಬಿಟ್ಟ ಮೀನು ಬಾಲ ಬೀಸಿ ಮರೆಯಾದರೆ ಅದು ಬದುಕಿತು ಎಂದುಕೊಳ್ಳುತ್ತೇವೆ. ಕೆನಡಾದ ಫರ್ಗುಸನ್ ಮತ್ತು ಟಫ್ಟ್ಸ್ ಎಂಬ ಸಂಶೋಧಕರು 1992ರಲ್ಲಿ ಪ್ರಕಟಿಸಿದ ಪ್ರಯೋಗ ಈ ನಂಬಿಕೆಯನ್ನು ಅಲುಗಾಡಿಸಿತು. ಅವರು ರೇನ್‌ಬೋ ಟ್ರೌಟ್ ಮೀನುಗಳನ್ನು ಸುಸ್ತಾಗುವವರೆಗೆ ಈಜಿಸಿದರು. ನೀರಿನಿಂದ ಹೊರಗೆ ತೆಗೆಯದೇ ಬಿಟ್ಟವುಗಳಲ್ಲಿ ಸತ್ತದ್ದು ಶೇ 12. ಮೂವತ್ತು ಸೆಕೆಂಡು ಗಾಳಿಯಲ್ಲಿ ಇಟ್ಟವುಗಳಲ್ಲಿ ಶೇ 38. ಒಂದು ನಿಮಿಷ ಇಟ್ಟವುಗಳಲ್ಲಿ ಶೇ 72.

ಇದಕ್ಕೆ ಕಾರಣ ಕಿವಿರಿನ ರಚನೆ. ನೀರಿನಲ್ಲಿದ್ದಾಗ ಕಿವಿರಿನ ತೆಳು ಎಳೆಗಳು ಬಿಡಿಬಿಡಿಯಾಗಿ ಹರಡಿಕೊಂಡಿರುತ್ತವೆ. ಗಾಳಿಗೆ ಬಂದೊಡನೆ ಒದ್ದೆ ಕೂದಲಿನಂತೆ ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಆಮ್ಲಜನಕ ಹೀರುವ ಮೇಲ್ಮೈ ಕುಗ್ಗುತ್ತದೆ. ಹೋರಾಡಿ ದಣಿದ ಮೀನಿಗೆ ಹೆಚ್ಚು ಉಸಿರು ಬೇಕಾದ ಗಳಿಗೆಯಲ್ಲೇ ಉಸಿರು ನಿಲ್ಲುತ್ತದೆ. ಸಾವಿನ ಪ್ರಮಾಣ ಜಾತಿಯಿಂದ ಜಾತಿಗೆ ಬದಲಾಗಬಹುದು, ಆದರೆ ಕಿವಿರು ಕೆಲಸ ಮಾಡುವ ಬಗೆ ಬಹುತೇಕ ಮೀನುಗಳಲ್ಲಿ ಅದೇ. ಹಾಗಾಗಿ ನದಿಗೆ ಒಯ್ಯುವ ಕ್ಯಾಮೆರಾವನ್ನು ಆರಿಸುವಾಗ ಮೊದಲು ಕೇಳಬೇಕಾದದ್ದು ಎಷ್ಟು ಮೆಗಾಪಿಕ್ಸೆಲ್ ಎಂದಲ್ಲ, ಮೀನನ್ನು ನೀರಿನಿಂದ ಎತ್ತದೆಯೇ ಇದರಲ್ಲಿ ಚಿತ್ರ ತೆಗೆಯಬಹುದೇ ಎಂದು.

ತೆಗೆಯಬಹುದಾದದ್ದು ಜಲನಿರೋಧಕ ಕಾಂಪ್ಯಾಕ್ಟ್ ಕ್ಯಾಮೆರಾ. 1963ರಲ್ಲಿ ನಿಕಾನ್ ಕಂಪನಿ ನಿಕೊನೋಸ್ ಎಂಬ ಫಿಲ್ಮ್ ಕ್ಯಾಮೆರಾ ತಂದಾಗ, ಹೊರಕವಚದ ಹಂಗಿಲ್ಲದೆ ನೀರಿಗಿಳಿಯುವುದೇ ದೊಡ್ಡ ಸುದ್ದಿಯಾಗಿತ್ತು. ಇಂದು ಒಲಿಂಪಸ್ ಟಫ್ ಸರಣಿಯ ಟಿಜಿ-6ನಂಥ ಅಂಗೈಯಗಲದ ಕ್ಯಾಮೆರಾ 15 ಮೀಟರ್ ಆಳದವರೆಗೂ ತಡೆದುಕೊಳ್ಳುತ್ತದೆ. ಬ್ಯಾಟರಿಯ ಬಾಗಿಲಿನ ಸುತ್ತ ಇರುವ ತೆಳುವಾದ ರಬ್ಬರ್ ಉಂಗುರವೇ ಅದರ ಕಾವಲು. ಬಾಗಿಲು ಮುಚ್ಚಿದಾಗ ಈ ರಬ್ಬರ್ ಅದುಮಿಕೊಂಡು ಸಂದನ್ನೆಲ್ಲ ತುಂಬುತ್ತದೆ. ನಡುವೆ ಒಂದೇ ಒಂದು ಮರಳಿನ ಕಣ ಅಥವಾ ಕೂದಲೆಳೆ ಸಿಕ್ಕಿಕೊಂಡರೂ ನೀರಿಗೆ ದಾರಿಯಾಗುತ್ತದೆ. ಆದ್ದರಿಂದ ದಂಡೆಯ ಮೇಲೆ ಆ ಬಾಗಿಲನ್ನು ತೆರೆಯಲೇಬಾರದು. ಬ್ಯಾಟರಿ, ಕಾರ್ಡು ಎಲ್ಲವನ್ನೂ ಮನೆಯಲ್ಲೇ ಹಾಕಿಕೊಂಡು ಹೊರಡಬೇಕು.

ಫೋನಿನಲ್ಲೇ ಸಾಲದೇ ಎಂದು ಕೇಳುವವರಿದ್ದಾರೆ. ಐಪಿ67 ಎಂದು ಬರೆದಿರುವ ಫೋನನ್ನು ಒಂದು ಮೀಟರ್ ಆಳದ ನಿಂತ ಸಿಹಿನೀರಿನಲ್ಲಿ ಮೂವತ್ತು ನಿಮಿಷ ಇಟ್ಟು ಪರೀಕ್ಷಿಸಿರುತ್ತಾರೆ. ರಭಸದ ಹೊಳೆಗೂ ಉಪ್ಪುನೀರಿಗೂ ಆ ಭರವಸೆ ಅನ್ವಯಿಸುವುದಿಲ್ಲ. ಇನ್ನೊಂದು ತೊಡಕೂ ಇದೆ. ಫೋನಿನ ಪರದೆ ಬೆರಳನ್ನು ಗುರುತಿಸುವುದು ವಿದ್ಯುತ್ ಕ್ಷೇತ್ರದಲ್ಲಾಗುವ ಬದಲಾವಣೆಯಿಂದ. ನೀರಿನ ಹನಿಯೂ ಅಂಥದೇ ಬದಲಾವಣೆ ಉಂಟುಮಾಡುವುದರಿಂದ ಒದ್ದೆ ಪರದೆ ಗೊಂದಲಕ್ಕೆ ಬೀಳುತ್ತದೆ. ಬದಿಯ ವಾಲ್ಯೂಮ್ ಗುಂಡಿಯಿಂದ ಕ್ಲಿಕ್ಕಿಸುವಂತೆ ಮೊದಲೇ ಹೊಂದಿಸಿಕೊಂಡರೆ ಅಮೂಲ್ಯ ಸೆಕೆಂಡುಗಳು ಉಳಿಯುತ್ತವೆ.

ಚಿಕ್ಕ ಕ್ಯಾಮೆರಾದ ದೌರ್ಬಲ್ಯ ಅದರ ಸೆನ್ಸರ್. ಫುಲ್‌ಫ್ರೇಮ್ ಸೆನ್ಸರ್ 36 ಮಿಲಿಮೀಟರ್ ಉದ್ದ, 24 ಮಿಲಿಮೀಟರ್ ಅಗಲ. ಜಲನಿರೋಧಕ ಕಾಂಪ್ಯಾಕ್ಟುಗಳ ಸೆನ್ಸರಿಗಿಂತ ಅದರ ವಿಸ್ತೀರ್ಣ ಸುಮಾರು ಮೂವತ್ತು ಪಟ್ಟು ಹೆಚ್ಚು. ಬೆಳಕು ಹಿಡಿಯುವ ಜಾಗ ಕಿರಿದಾದಷ್ಟೂ ಮುಂಜಾವ, ಮುಸ್ಸಂಜೆಗಳ ಚಿತ್ರಗಳಲ್ಲಿ ಕಾಳುಕಾಳು ಕಾಣಿಸಿಕೊಳ್ಳುತ್ತದೆ. ಲೆನ್ಸಿನ ಕಿಂಡಿ ದೊಡ್ಡದಿದ್ದರೆ ಈ ಕೊರತೆ ಸ್ವಲ್ಪ ನೀಗುತ್ತದೆ: ಎಫ್/4ಕ್ಕಿಂತ ಎಫ್/2 ನಾಲ್ಕು ಪಟ್ಟು ಬೆಳಕು ಬಿಡುತ್ತದೆ. ಕೊಳ್ಳುವಾಗ ನೋಡಬೇಕಾದ ಅಂಕಿ ಇದು. ಹಗಲಿನಲ್ಲಿ, ಕೈಯಳತೆಯ ದೂರದಲ್ಲಿರುವ ಮೀನಿಗೆ ಚಿಕ್ಕ ಸೆನ್ಸರ್ ಧಾರಾಳ ಸಾಕು. ದೂರದ ಬಂಡೆಯ ಮೇಲಿನ ನೀರುನಾಯಿಗೋ ಮೀನುಗಿಡುಗಕ್ಕೋ ದೊಡ್ಡ ಕ್ಯಾಮೆರಾ, 300 ಮಿಲಿಮೀಟರಿಗೆ ಕಡಿಮೆಯಿಲ್ಲದ ಲೆನ್ಸ್ ಬೇಕು. ಹರಿಗೋಲಿನಲ್ಲಿ ಕೂತು ತೆಗೆಯುವಾಗ ಟ್ರೈಪಾಡ್ ನಿಷ್ಪ್ರಯೋಜಕ. ಶಟರ್ ವೇಗವನ್ನು ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕೆ ಏರಿಸುವುದೊಂದೇ ಉಪಾಯ.

ಇಷ್ಟರ ನಡುವೆ ಹೆಚ್ಚಿನವರು ಮರೆಯುವ ಸಾಧನವೊಂದಿದೆ: ಪೋಲರೈಸರ್ ಫಿಲ್ಟರ್. ನೀರಿನ ಮೇಲೆ ಬಿದ್ದು ಚಿಮ್ಮುವ ಬೆಳಕು ಹೆಚ್ಚಾಗಿ ಅಡ್ಡಡ್ಡಲಾಗಿ ಕಂಪಿಸುತ್ತದೆ. ಪೋಲರೈಸರಿನ ಗಾಜು ಒಂದೇ ದಿಕ್ಕಿನ ಕಂಪನವನ್ನು ಒಳಗೆ ಬಿಡುತ್ತದೆ. ಅದನ್ನು ತಿರುಗಿಸುತ್ತ ಹೋದರೆ ಒಂದು ಹಂತದಲ್ಲಿ ಹೊಳಪೆಲ್ಲ ಮಾಯವಾಗಿ ನೀರಿನ ತಳ ತೆರೆದುಕೊಳ್ಳುತ್ತದೆ. ನೀರಿನ ಮೇಲ್ಮೈಗೆ ಸುಮಾರು 37 ಡಿಗ್ರಿ ಓರೆಯಲ್ಲಿ ನೋಡಿದಾಗ ಪರಿಣಾಮ ಅತಿ ಹೆಚ್ಚು. ಕ್ಯಾಮೆರಾ ನೀರಿನಿಂದ ಒಂದೂವರೆ ಮೀಟರ್ ಎತ್ತರದಲ್ಲಿದ್ದರೆ ಎರಡು ಮೀಟರ್ ಮುಂದಿರುವ ನೀರು ಆ ಕೋನದಲ್ಲಿರುತ್ತದೆ. ನೇರ ಕೆಳಗೆ ಬಗ್ಗಿ ನೋಡಿದರೆ ಫಿಲ್ಟರಿನಿಂದ ಏನೂ ಲಾಭವಿಲ್ಲ. ಶೃಂಗೇರಿಯಲ್ಲಿ ತುಂಗೆಯ ಮೆಟ್ಟಿಲ ಮೇಲೆ, ಬೆಳ್ತಂಗಡಿ ತಾಲ್ಲೂಕಿನ ಶಿಶಿಲದ ಕಪಿಲಾ ತೀರದಲ್ಲಿ ಇದನ್ನು ಯಾರು ಬೇಕಾದರೂ ಪರೀಕ್ಷಿಸಬಹುದು. ದೇವರ ಮೀನುಗಳೆಂದು ಕಾಪಾಡಿಕೊಂಡು ಬಂದಿರುವ ಅಲ್ಲಿನ ಮಹಶೀರ್‌ಗಳು ಗಾಳವಿಲ್ಲದೆಯೇ ಚಿತ್ರಕ್ಕೆ ಸಿಗುತ್ತವೆ. ಫಿಲ್ಟರ್ ಇಲ್ಲದವರು ಪೋಲರೈಸ್ಡ್ ತಂಪುಕನ್ನಡಕವನ್ನು ಫೋನಿನ ಲೆನ್ಸಿಗೆ ಅಡ್ಡ ಹಿಡಿದು ತಿರುಗಿಸಿ ನೋಡಬಹುದು.

ಬಣ್ಣದ ಮಾತು ಇನ್ನೂ ಮುಖ್ಯ. ಕಾವೇರಿ ನದಿವ್ಯವಸ್ಥೆಗಷ್ಟೇ ಸೀಮಿತವಾದ, ಬೆನ್ನ ಮೇಲೆ ಡುಬ್ಬವಿರುವ ಮಹಶೀರ್‌ನ ರೆಕ್ಕೆಗಳು ಕಿತ್ತಳೆ ಬಣ್ಣದವು. ಹೊರಗಿನಿಂದ ತಂದು ಬಿಟ್ಟ ಮಹಶೀರ್‌ನ ರೆಕ್ಕೆಗಳು ನೀಲಿ. 1946ರಲ್ಲಿ ಕಬಿನಿಯಲ್ಲಿ ಮೈಸೂರಿನ ವ್ಯಾನ್ ಇಂಗನ್ ಕುಟುಂಬದವರೊಬ್ಬರ ಗಾಳಕ್ಕೆ ಬಿದ್ದ ಮಹಶೀರ್ 120 ಪೌಂಡ್, ಅಂದರೆ 54 ಕಿಲೋ ತೂಗಿತ್ತು. ಆ ಡುಬ್ಬದ ಮೀನು ಇಂದು ಅಳಿವಿನ ಅಂಚಿಗೆ ಬಂದಿದೆ. 2018ರಲ್ಲಷ್ಟೇ ವಿಜ್ಞಾನಿಗಳು ಅದನ್ನು ಟಾರ್ ರೆಮಾದೇವಿಯೈ ಎಂದು ಖಚಿತವಾಗಿ ಗುರುತಿಸಿದರು. ಅದು ಕುಸಿಯುತ್ತಿದೆ, ನೀಲಿ ರೆಕ್ಕೆಯದು ಹೆಚ್ಚುತ್ತಿದೆ ಎಂಬುದಕ್ಕೆ ಆಧಾರವಾದದ್ದು ಕಾವೇರಿ ದಂಡೆಯ ಗಾಲಿಬೋರೆ ಶಿಬಿರದಲ್ಲಿ 1998ರಿಂದ 2012ರವರೆಗೆ ಗಾಳಗಾರರು ಬರೆದಿಟ್ಟ ದಾಖಲೆ. ಹಿಡಿದು ಬಿಟ್ಟವರ ಟಿಪ್ಪಣಿ ವಿಜ್ಞಾನಕ್ಕೆ ಇಷ್ಟು ಒದಗುವುದಾದರೆ, ಒಳ್ಳೆಯ ಚಿತ್ರ ಇನ್ನೂ ಹೆಚ್ಚು ಒದಗುತ್ತದೆ.

ಆ ಚಿತ್ರದಲ್ಲಿ ಕಿತ್ತಳೆ ಕಿತ್ತಳೆಯಾಗಿಯೇ ಕಾಣಬೇಕು. ಮರದ ನೆರಳಿನಲ್ಲಿ ಬೆಳಕು ನೀಲಿಗೆ ವಾಲುತ್ತದೆ. ವೈಟ್ ಬ್ಯಾಲೆನ್ಸನ್ನು ಕ್ಯಾಮೆರಾದ ಊಹೆಗೆ ಬಿಡದೆ, ಬಿಸಿಲಿಗೋ ನೆರಳಿಗೋ ತಕ್ಕಂತೆ ನಾವೇ ಹೊಂದಿಸಬೇಕು. ರಾ ಫೈಲ್ ಉಳಿಸುವ ಸೌಲಭ್ಯವಿದ್ದರೆ ಬಣ್ಣವನ್ನು ಆಮೇಲೂ ತಿದ್ದಬಹುದು. ಫ್ಲ್ಯಾಶ್ ಬೇಡ: ಮೀನಿನ ಮೈಯಲ್ಲಿರುವ ಗ್ವಾನೀನ್ ಹರಳುಗಳು ಬೆಳಕನ್ನು ಹಾಗೆಯೇ ಹಿಂದಕ್ಕೆ ಎಸೆಯುವುದರಿಂದ ಹುರುಪೆಗಳ ವಿವರ ಬೆಳ್ಳಗಾಗಿ ಅಳಿಸಿಹೋಗುತ್ತದೆ. ಮೀನು ನೀರಿನಲ್ಲೇ ಇರಲಿ, ಕೈ ಒದ್ದೆಯಾಗಿರಲಿ, ಲೆನ್ಸ್ ಅದರ ಪಕ್ಕೆಗೆ ಎದುರಾಗಿ ನೀರಿನ ಮಟ್ಟಕ್ಕೆ ಇಳಿಯಲಿ. ಮುಳುಗಿಸಿ ತೆಗೆಯುವುದಾದರೆ ವೈಡ್ ಆ್ಯಂಗಲ್ ಇಟ್ಟು ಹತ್ತಿರ ಹೋಗಬೇಕು, ಏಕೆಂದರೆ ಚಪ್ಪಟೆ ಗಾಜಿನ ಮೂಲಕ ನೀರೊಳಗಿನ ವಸ್ತು ಕಾಲು ಭಾಗದಷ್ಟು ಹತ್ತಿರವಿರುವಂತೆ ಕಾಣುತ್ತದೆ, ನೋಟದ ಹರವು ಕಿರಿದಾಗುತ್ತದೆ.

ಹಣ ಸೀಮಿತವಾಗಿದ್ದರೆ ಕೊಳ್ಳುವ ಕ್ರಮ ಹೀಗಿರಲಿ: ಮೊದಲು ಜಲನಿರೋಧಕ ಚಿಕ್ಕ ಕ್ಯಾಮೆರಾ, ಆಮೇಲೆ ಪೋಲರೈಸರ್, ಉದ್ದ ಲೆನ್ಸ್ ಕೊನೆಗೆ. ಗಾಳಕ್ಕೆ ಅನುಮತಿಯಿರುವ ಕಡೆಗಷ್ಟೇ ಹೋಗಿ. ಗಾಳ ಬಿಡುವ ಮುನ್ನವೇ ಕ್ಯಾಮೆರಾ ಸಿದ್ಧವಾಗಿರಲಿ. ಚಿತ್ರ ಹಂಚಿಕೊಳ್ಳುವಾಗ ದಿನಾಂಕ ಹಾಕಿ, ಮೀನಿದ್ದ ಮಡುವಿನ ಗುರುತು ಬೇಡ. ಸಿಡಿಮದ್ದು ಹಿಡಿದು ಬರುವವರಿಗೂ ಆ ಗುರುತು ಸಾಕಾಗುತ್ತದೆ.