ದಿನಕ್ಕೆ ಎರಡು ಘಳಿಗೆ: ಮನೆಮಂದಿಗೆ ನೆಮ್ಮದಿ ತರುವ ಸಾಮಾಯಿಕ

ಬೆಳಿಗ್ಗೆ ಎದ್ದ ಕೂಡಲೇ ಮೊಬೈಲ್, ಆಮೇಲೆ ಮಕ್ಕಳ ಶಾಲೆ, ಕಚೇರಿ, ಅಂಗಡಿ, ತೋಟದ ಕೆಲಸ, ಸಂಜೆ ಟಿವಿ, ಮಲಗುವ ಮುನ್ನ ಮತ್ತೆ ಮೊಬೈಲ್. ಇಂದಿನ ಬಹುತೇಕ ಮನೆಗಳ ದಿನಚರಿ ಹೀಗೇ ಸಾಗುತ್ತದೆ. ಅನುಕೂಲಗಳಿಗೆ ಕೊರತೆಯಿಲ್ಲ, ಆದರೂ ಮನಸ್ಸಿಗೆ ನೆಮ್ಮದಿ ಇಲ್ಲ ಎಂಬ ಮಾತು ಹಿರಿಯರಿಂದಲೂ ಕಿರಿಯರಿಂದಲೂ ಕೇಳಿಬರುತ್ತದೆ. ಜೈನ ಶ್ರಾವಕಾಚಾರವು ಮನೆಯಲ್ಲೇ, ಯಾವ ಖರ್ಚೂ ಇಲ್ಲದೆ ಮಾಡಬಹುದಾದ ಅಭ್ಯಾಸವೊಂದನ್ನು ಹೇಳಿದೆ. ಅದೇ ಸಾಮಾಯಿಕ. ಇದು ಮುನಿಗಳಿಗೆ ಅಥವಾ ವಯಸ್ಸಾದವರಿಗೆ ಮಾತ್ರ ಎಂಬ ಭಾವನೆಯಿಂದಾಗಿ ಎಷ್ಟೋ ಮನೆಗಳಲ್ಲಿ ಅಜ್ಜ-ಅಜ್ಜಿಯರೊಂದಿಗೇ ಈ ರೂಢಿ ನಿಂತುಹೋಗುತ್ತಿದೆ. ವಾಸ್ತವದಲ್ಲಿ ಇದು ದುಡಿಯುವ ಗೃಹಸ್ಥರಿಗೂ ಹೇಳಿದ ವ್ರತ.

ಸಾಮಾಯಿಕ ಎಂದರೇನು?

ಸುಖ-ದುಃಖ, ಲಾಭ-ನಷ್ಟ, ಹೊಗಳಿಕೆ-ತೆಗಳಿಕೆಗಳಲ್ಲಿ ಸಮಭಾವ ತಾಳಿ, ಗೊತ್ತುಪಡಿಸಿದ ಕಾಲದವರೆಗೆ ಪಾಪಕಾರ್ಯಗಳನ್ನು ಬಿಟ್ಟು ಆತ್ಮಚಿಂತನೆಯಲ್ಲಿ ಇರುವುದೇ ಸಾಮಾಯಿಕ. ಮುನಿಗಳ ಆರು ಆವಶ್ಯಕಗಳಲ್ಲಿ ಇದು ಮೊದಲನೆಯದು. ತತ್ತ್ವಾರ್ಥಸೂತ್ರವು ಶ್ರಾವಕರ ವ್ರತಗಳಲ್ಲಿಯೂ ಇದನ್ನು ಸೇರಿಸಿದೆ. ಹನ್ನೊಂದು ಪ್ರತಿಮೆಗಳಲ್ಲಿ ಮೂರನೆಯದು ಸಾಮಾಯಿಕ ಪ್ರತಿಮೆ.

ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಇದನ್ನು ವಿವರವಾಗಿ ಹೇಳಿದ್ದಾರೆ. ಗದ್ದಲವಿಲ್ಲದ ಜಾಗ ಸಾಕು, ಅದು ಕಾಡಾಗಲಿ, ಮನೆಯಾಗಲಿ, ಜಿನಾಲಯವಾಗಲಿ. ಪ್ರಸನ್ನ ಮನಸ್ಸಿನಿಂದ ಮಾಡಬೇಕು ಎಂಬುದು ಅವರ ಮುಖ್ಯ ಸೂಚನೆ. ಸಾಮಾಯಿಕದಲ್ಲಿ ಕುಳಿತ ಗೃಹಸ್ಥನನ್ನು ಅವರು ಮೈಮೇಲೆ ಬಟ್ಟೆ ಹೊದಿಸಲ್ಪಟ್ಟ ಮುನಿಗೆ ಹೋಲಿಸುತ್ತಾರೆ. ಅಷ್ಟು ಹೊತ್ತು ಆತ ವ್ಯಾಪಾರಿಯೂ ಅಲ್ಲ, ನೌಕರನೂ ಅಲ್ಲ, ಸಾಲಗಾರನೂ ಅಲ್ಲ.

48 ನಿಮಿಷ ಏಕೆ?

ಒಂದು ಘಳಿಗೆ ಎಂದರೆ 24 ನಿಮಿಷ. ಎರಡು ಘಳಿಗೆ ಸೇರಿದರೆ ಒಂದು ಮುಹೂರ್ತ, ಅಂದರೆ 48 ನಿಮಿಷ. ಒಂದು ಸಾಮಾಯಿಕಕ್ಕೆ ಕನಿಷ್ಠ ಕಾಲ ಇದು. ನಾಲ್ಕು ಘಳಿಗೆ ಮಧ್ಯಮ, ಆರು ಘಳಿಗೆ ಉತ್ತಮ. ದಿನದಲ್ಲಿ 30 ಮುಹೂರ್ತಗಳಿವೆ. ಅವುಗಳಲ್ಲಿ 29 ಸಂಸಾರಕ್ಕೆ ಹೋದರೂ ಒಂದು ತನಗಾಗಿ ಉಳಿಯಲಿ ಎಂಬುದು ಇಲ್ಲಿನ ಲೆಕ್ಕ.

ಕಾಲದ ಈ ಮಿತಿಯೇ ಸಾಮಾಯಿಕದ ಬಲ. ಚಿಂತೆಗಳನ್ನು ಶಾಶ್ವತವಾಗಿ ಬಿಡು ಎಂದರೆ ಯಾರಿಂದಲೂ ಆಗದು. ಇಷ್ಟು ಹೊತ್ತು ಮಾತ್ರ ಬಿಡು ಎಂದರೆ ಮನಸ್ಸು ಒಪ್ಪುತ್ತದೆ. ಸಮಂತಭದ್ರರು ಕೂದಲಿನ ಗಂಟು, ಮುಷ್ಟಿ, ಬಟ್ಟೆಯ ಗಂಟುಗಳನ್ನೂ ಈ ಮಿತಿಯ ಗುರುತಾಗಿ ಹೇಳಿದ್ದಾರೆ. ಗಂಟು ಬಿಚ್ಚುವವರೆಗೆ ನಿಯಮ, ಅಷ್ಟೇ.

ಮಾಡುವ ಕ್ರಮ

ಪ್ರಾತಃಕಾಲ ಮತ್ತು ಸಂಧ್ಯಾಕಾಲ ಇದಕ್ಕೆ ಅನುಕೂಲ. ಶುದ್ಧ ಬಟ್ಟೆ ಧರಿಸಿ ಪೂರ್ವ ಅಥವಾ ಉತ್ತರಕ್ಕೆ ಮುಖ ಮಾಡಿ ನಿಂತು, ಕಾಲದ ನಿಯಮ ಮಾಡಿಕೊಳ್ಳಬೇಕು. ನಾಲ್ಕೂ ದಿಕ್ಕಿಗೆ ತಿರುಗಿ ಣಮೋಕಾರ ಮಂತ್ರ ಹೇಳಿ, ಪ್ರತಿ ದಿಕ್ಕಿನಲ್ಲಿ ಮೂರು ಆವರ್ತ ಮತ್ತು ಒಂದು ಶಿರೋನತಿ ಮಾಡುವುದು ದಿಗಂಬರ ಪರಂಪರೆಯ ರೂಢಿ. ಬಳಿಕ ಕುಳಿತು ಜಪ, ಸಾಮಾಯಿಕ ಪಾಠ, ಹನ್ನೆರಡು ಅನುಪ್ರೇಕ್ಷೆಗಳ ಚಿಂತನೆ. ಕೊನೆಗೆ ಕಾಯೋತ್ಸರ್ಗ. ಶ್ವೇತಾಂಬರ ಪರಂಪರೆಯಲ್ಲಿ ಪಾಠ, ಉಪಕರಣ, ವಿಧಿಗಳು ಬೇರೆ; 48 ನಿಮಿಷ ಮತ್ತು ಸಮಭಾವ ಎರಡರಲ್ಲೂ ಒಂದೇ.

ಕಾಯೋತ್ಸರ್ಗದಲ್ಲಿ ಒಂಬತ್ತು ಬಾರಿ ಣಮೋಕಾರ ಮಂತ್ರವನ್ನು 27 ಉಸಿರಿನಲ್ಲಿ ಹೇಳುವ ಕ್ರಮವಿದೆ. ಅರಿಹಂತ-ಸಿದ್ಧರ ಪದಗಳಿಗೆ ಒಂದು ಉಸಿರು, ಆಚಾರ್ಯ-ಉಪಾಧ್ಯಾಯರ ಪದಗಳಿಗೆ ಇನ್ನೊಂದು, ಸಾಧುಗಳ ಪದಕ್ಕೆ ಮೂರನೆಯದು. ಉಸಿರು ತಾನಾಗಿಯೇ ನಿಧಾನವಾಗುತ್ತದೆ. ಶ್ರವಣಬೆಳಗೊಳ, ಕಾರ್ಕಳ, ವೇಣೂರುಗಳಲ್ಲಿ ಬಾಹುಬಲಿ ಸ್ವಾಮಿ ನಿಂತಿರುವುದೂ ಕಾಯೋತ್ಸರ್ಗದಲ್ಲೇ ಎಂದು ತಿಳಿಸಿದರೆ ಮಕ್ಕಳಿಗೆ ಇದು ಬೇಗ ಮನದಟ್ಟಾಗುತ್ತದೆ.

ಸಂತೋಷವೂ ಒಂದು ಭಾವನೆ

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯ ನಾಲ್ಕು ಭಾವನೆಗಳನ್ನು ಹೇಳುತ್ತದೆ: ಎಲ್ಲ ಜೀವಿಗಳಲ್ಲಿ ಮೈತ್ರಿ, ಗುಣವಂತರನ್ನು ಕಂಡಾಗ ಪ್ರಮೋದ, ಕಷ್ಟದಲ್ಲಿರುವವರಲ್ಲಿ ಕಾರುಣ್ಯ, ತಿದ್ದಲಾಗದವರ ಬಗ್ಗೆ ಮಾಧ್ಯಸ್ಥ್ಯ. ಆಚಾರ್ಯ ಅಮಿತಗತಿಗಳ ಸಾಮಾಯಿಕ ಪಾಠ ಆರಂಭವಾಗುವುದೂ ಈ ನಾಲ್ಕರಿಂದಲೇ.

ಮನೆಯ ಬದುಕಿಗೆ ಇವು ನೇರವಾಗಿ ಒದಗುತ್ತವೆ. ದಾಯಾದಿಯ ಮಗನಿಗೆ ಒಳ್ಳೆಯ ಕೆಲಸ ಸಿಕ್ಕಾಗ ಹೊಟ್ಟೆಕಿಚ್ಚು ಪಡುವ ಬದಲು ಸಂತೋಷಪಡುವುದು ಪ್ರಮೋದ. ಎಷ್ಟು ಹೇಳಿದರೂ ಕೇಳದ ಬಂಧುವಿನ ಮೇಲೆ ದ್ವೇಷ ಬೆಳೆಸದೆ ತಟಸ್ಥವಾಗಿರುವುದು ಮಾಧ್ಯಸ್ಥ್ಯ. ದಿನಕ್ಕೊಂದು ಭಾವನೆ ಹಿಡಿದು, ಆ ದಿನ ಭೇಟಿಯಾದವರನ್ನು ನೆನೆದು ಚಿಂತಿಸಿದರೆ ಸಾಮಾಯಿಕ ಬರಿಯ ಪಾಠವಾಗಿ ಉಳಿಯುವುದಿಲ್ಲ.

ಮನಸ್ಸು ಓಡಿದರೆ?

ಕುಳಿತ ಐದು ನಿಮಿಷಕ್ಕೇ ಬ್ಯಾಂಕಿನ ಕಂತು, ಮಗಳ ಪರೀಕ್ಷೆ, ಒಲೆಯ ಮೇಲಿನ ಹಾಲು ನೆನಪಾಗುತ್ತವೆ. ಅನೇಕರು ಅಭ್ಯಾಸ ಬಿಡುವುದು ಇಲ್ಲಿಯೇ. ಆದರೆ ಇದು ಹೊಸ ತೊಂದರೆಯಲ್ಲ. ಸಾಮಾಯಿಕಕ್ಕೆ ಐದು ಅತಿಚಾರಗಳನ್ನು ಹೇಳಲಾಗಿದೆ: ಮನಸ್ಸು, ಮಾತು, ಕಾಯಗಳು ಬೇರೆಡೆಗೆ ಹರಿಯುವ ಮೂರು ದೋಷಗಳು, ಉತ್ಸಾಹವಿಲ್ಲದಿರುವುದು, ವಿಧಿಯನ್ನು ಮರೆಯುವುದು. ಮನಸ್ಸು ಓಡುವುದನ್ನು ಆಚಾರ್ಯರು ಮೊದಲೇ ಬಲ್ಲವರಾಗಿದ್ದರು. ಅತಿಚಾರ ಎಂದರೆ ವ್ರತಕ್ಕೆ ತಗಲಿದ ದೋಷ, ವ್ರತಭಂಗವಲ್ಲ. ಓಡಿದ ಮನಸ್ಸನ್ನು ಬೇಸರವಿಲ್ಲದೆ ಮತ್ತೆ ಮಂತ್ರಕ್ಕೆ ತರುವುದೇ ಅಭ್ಯಾಸ. ಉತ್ಸಾಹವಿಲ್ಲದೆ ಮಾಡುವುದನ್ನೂ ದೋಷವೆಂದೇ ಎಣಿಸಿರುವುದರಿಂದ, ಮಕ್ಕಳನ್ನು ಗದರಿಸಿ ಕೂರಿಸುವುದು ಸರಿಯಾದ ದಾರಿಯಲ್ಲ.

ಮನೆಯಲ್ಲಿ ರೂಢಿಸಿಕೊಳ್ಳಲು

• ಮೊದಲ ವಾರ ಒಂಬತ್ತು ಣಮೋಕಾರ ಮಂತ್ರದ ಕಾಯೋತ್ಸರ್ಗದಿಂದ ಆರಂಭಿಸಿ, ನಿಧಾನವಾಗಿ ಒಂದು ಘಳಿಗೆಗೆ, ಬಳಿಕ ಎರಡು ಘಳಿಗೆಗೆ ಏರಿಸಬಹುದು.

• ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸುವ ಮನೆಗಳಲ್ಲಿ ಸಂಜೆಯ ಹೊತ್ತು ತಾನಾಗಿಯೇ ಬಿಡುವಾಗುತ್ತದೆ. ಅದನ್ನು ಟಿವಿಗೆ ಕೊಡುವ ಮೊದಲು ಸಾಮಾಯಿಕಕ್ಕೆ ಕೊಡಬಹುದು.

• ಮೊಬೈಲ್ ಬೇರೆ ಕೋಣೆಯಲ್ಲಿರಲಿ. ಸಮಯ ನೋಡಲು ಗೋಡೆ ಗಡಿಯಾರ ಸಾಕು.

• ಅಡುಗೆ, ಮಕ್ಕಳ ಆರೈಕೆಯ ಹೊಣೆ ಹೊತ್ತ ಗೃಹಿಣಿಗೂ ಈ ಸಮಯ ಸಿಗಬೇಕು. ಅಷ್ಟು ಹೊತ್ತು ಮನೆಯ ಉಳಿದವರು ಆ ಕೆಲಸ ನೋಡಿಕೊಳ್ಳುವುದೂ ಧರ್ಮವೇ.

• ನೆಲದ ಮೇಲೆ ಕೂರಲಾಗದ ಹಿರಿಯರು ಕುರ್ಚಿಯಲ್ಲಿ ಕುಳಿತು ಮಾಡಬಹುದು.

ತಿಂಗಳುಗಟ್ಟಲೆ ನಿದ್ದೆ ಬಾರದಿರುವುದು, ತೀವ್ರ ಖಿನ್ನತೆ ಮುಂತಾದ ತೊಂದರೆಗಳಿದ್ದರೆ ವೈದ್ಯರನ್ನು ಕಾಣಲೇಬೇಕು. ಸಾಮಾಯಿಕ ಚಿಕಿತ್ಸೆಗೆ ಬದಲಿಯಲ್ಲ.

ಸಾಮಾಯಿಕದ ಗುರಿ ಕರ್ಮಗಳ ಸಂವರ ಮತ್ತು ನಿರ್ಜರೆ. ನೆಮ್ಮದಿ ಆ ದಾರಿಯಲ್ಲಿ ಜೊತೆಗೆ ಸಿಗುವ ಫಲ. ಆ ಫಲ ಸಿಕ್ಕಿತೇ ಎಂಬುದು ತಿಳಿಯುವುದು ಕುಳಿತ 48 ನಿಮಿಷಗಳಲ್ಲಿ ಅಲ್ಲ, ಎದ್ದ ಮೇಲೆ. ಮಗು ಹಾಲು ಚೆಲ್ಲಿದಾಗ, ಗಿರಾಕಿ ಕೂಗಾಡಿದಾಗ, ಅತ್ತೆ-ಸೊಸೆಯರ ನಡುವೆ ಮಾತು ಬೆಳೆದಾಗ ಕೋಪ ಒಂದು ಕ್ಷಣ ತಡವಾಗಿ ಬಂದರೆ, ಅಥವಾ ಬಾರದೇ ಹೋದರೆ, ಅಭ್ಯಾಸ ಫಲ ಕೊಡುತ್ತಿದೆ ಎಂದೇ ಅರ್ಥ.