ತೋಲ್ಪೆಟ್ಟಿಯ ಕಡತ ಎಲ್ಲಿ ಹೋಯಿತು?

ಕೊಡಗಿನ ಕುಟ್ಟದಿಂದ ಗಡಿ ದಾಟಿದರೆ ಸಿಗುವ ಊರು ತೋಲ್ಪೆಟ್ಟಿ. ವಯನಾಡು ವನ್ಯಧಾಮದ ಸಫಾರಿಗೆ ಹೋದವರಿಗೆಲ್ಲ ಗೊತ್ತಿರುವ ಹೆಸರು. ಗಡಿನಾಡಿನ ಊರುಗಳ ಬಗ್ಗೆ ಇಬ್ಬರು ಸೇರಿ ಆ್ಯಪ್ ಬರೆಯುತ್ತಿದ್ದಾರೆ ಎನ್ನೋಣ. ಊರಿಗೊಂದು ಕಡತ, ಕಡತಕ್ಕೆ ಕನ್ನಡದಲ್ಲೇ ಹೆಸರು. ಒಬ್ಬರ ಹಳೆಯ ಮ್ಯಾಕ್‌ನಲ್ಲಿ ಸಲೀಸಾಗಿ ಓಡಿದ ಪ್ರೋಗ್ರಾಂ ಇನ್ನೊಬ್ಬರ ಲಿನಕ್ಸ್‌ಗೆ ಬಂದಾಗ ‘ಕಡತ ಸಿಗಲಿಲ್ಲ’ ಎನ್ನುತ್ತದೆ. ಫೋಲ್ಡರ್ ತೆರೆದರೆ ಕಡತ ಅಲ್ಲೇ ಇದೆ, ಕಾಗುಣಿತವೂ ಸರಿಯಿದೆ.

ತೊಡಕಿರುವುದು ‘ತೋ’ದಲ್ಲಿ. ಯೂನಿಕೋಡ್‌ನಲ್ಲಿ ಒತ್ವದ ದೀರ್ಘವನ್ನು ಒಂದೇ ಸಂಕೇತವಾಗಿ ಬರೆಯಬಹುದು. ಎತ್ವ, ಕೊಂಬಿನಿಳಿ, ದೀರ್ಘ ಎಂದು ಮೂರಾಗಿ ಬಿಡಿಸಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಆದರೆ ಯುಟಿಎಫ್-8ರಲ್ಲಿ ‘ತೋಲ್ಪೆಟ್ಟಿ’ ಕೂಡಿಸಿ ಬರೆದಾಗ 30 ಬೈಟ್, ಬಿಡಿಸಿ ಬರೆದಾಗ 36. 1998ರಲ್ಲಿ ಬಂದ ಆ್ಯಪಲ್‌ನ ಎಚ್‌ಎಫ್‌ಎಸ್ ಪ್ಲಸ್ ಕಡತ ವ್ಯವಸ್ಥೆ ಹೆಸರುಗಳನ್ನು ಬಿಡಿಸಿಯೇ ಇಡುತ್ತಿತ್ತು. ಹುಡುಕುವಾಗಲೂ ತಾನೇ ಬಿಡಿಸಿ ನೋಡುತ್ತಿದ್ದುದರಿಂದ ಮ್ಯಾಕ್‌ನೊಳಗೆ ಯಾರಿಗೂ ಇದು ಗೊತ್ತಾಗುತ್ತಿರಲಿಲ್ಲ. ಲಿನಕ್ಸ್ ಸಾಮಾನ್ಯವಾಗಿ ಬೈಟುಗಳನ್ನಷ್ಟೇ ಹೋಲಿಸುತ್ತದೆ. ಪ್ರೋಗ್ರಾಂ ಕೇಳಿದ್ದು 30 ಬೈಟಿನ ಹೆಸರು, ಡಿಸ್ಕಿನಲ್ಲಿರುವುದು 36ರದು.

ಕೋಡ್ ಹಂಚಿಕೊಳ್ಳಲು ಬಳಸುವ ಗಿಟ್ 2012ರಲ್ಲೇ ಮ್ಯಾಕ್‌ಗೆಂದು ಹೆಸರುಗಳನ್ನು ಮತ್ತೆ ಕೂಡಿಸುವ ಸೆಟ್ಟಿಂಗ್ ಒಂದನ್ನು ತಂದಿತು. ಪೆನ್‌ಡ್ರೈವ್‌ನಲ್ಲಿ ಸಾಗಿಸಿದ ಕಡತಕ್ಕೆ ಆ ರಕ್ಷಣೆಯಿಲ್ಲ. 2017ರಲ್ಲಿ ಬಂದ ಆ್ಯಪಲ್‌ನ ಹೊಸ ಕಡತ ವ್ಯವಸ್ಥೆ ಎಪಿಎಫ್‌ಎಸ್ ಕೊಟ್ಟ ಹೆಸರನ್ನು ಕೊಟ್ಟ ಹಾಗೆಯೇ ಇಡುತ್ತದೆ. ಆದರೂ ಎರಡು ರೂಪಗಳನ್ನು ಒಂದೇ ಎಂದು ಎಣಿಸುವುದರಿಂದ ತಪ್ಪು ಹೊರಬೀಳುವುದು ಬೇರೆ ಯಂತ್ರಕ್ಕೆ ಹೋದ ಮೇಲೆಯೇ.

ಕಡತದ ಹೆಸರೆಲ್ಲ ರೋಮನ್ ಲಿಪಿಯಲ್ಲಿರಲಿ ಎನ್ನುವುದು ವಾಡಿಕೆಯ ಸಲಹೆ. ಕೋಡ್ ಬರೆದಿಟ್ಟ ಕಡತಗಳ ಮಟ್ಟಿಗೆ ಒಪ್ಪುತ್ತೇನೆ. ಆದರೆ ಅಲ್ಲಿಯೂ ದೊಡ್ಡಕ್ಷರ, ಸಣ್ಣಕ್ಷರಗಳ ತಕರಾರು ತಪ್ಪಿದ್ದಲ್ಲ: ವಿಂಡೋಸ್ ಸಾಮಾನ್ಯವಾಗಿ ಒಂದೇ ಎನ್ನುವ ಎರಡು ಹೆಸರು ಲಿನಕ್ಸ್‌ಗೆ ಬೇರೆ ಬೇರೆ. ಕನ್ನಡಕ್ಕೆ ಆ ಕಾಟವಾದರೂ ಇಲ್ಲ! ಊರಿನ ಹೆಸರು ಕನ್ನಡದಲ್ಲೇ ಇರಲಿ. ಅದು ಯೋಜನೆಯೊಳಗೆ ಬರುವ ಬಾಗಿಲಲ್ಲೇ ಕೂಡಿಸಿದ ರೂಪಕ್ಕೆ, ಅಂದರೆ ಎನ್‌ಎಫ್‌ಸಿಗೆ, ತಿರುಗಿಸಿದರಾಯಿತು. ಅದಕ್ಕೆ ಪೈಥಾನ್‌ನಲ್ಲಿ ಒಂದು ಸಾಲು ಸಾಕು.

ಇದೇ ಊರನ್ನು ಮಲಯಾಳದಲ್ಲಿ ಬರೆದಾಗ ಮಾತ್ರ ಆ ಒಂದು ಸಾಲು ಸಾಲದು. ಅಲ್ಲಿನ ‘ತೋ’ ಕೂಡ ಎರಡಾಗಿ ಒಡೆಯುತ್ತದೆ, ಅದನ್ನು ಎನ್‌ಎಫ್‌ಸಿ ಕೂಡಿಸುತ್ತದೆ. ಮುಂದಿನ ‘ಲ್’ ಚಿಲ್ಲಕ್ಷರ, ಅಂದರೆ ಸ್ವರವಿಲ್ಲದ ವ್ಯಂಜನಕ್ಕೆಂದೇ ಇರುವ ಅಕ್ಷರ. ಅದಕ್ಕೆ ಸ್ವಂತ ಸಂಕೇತ ಸಿಕ್ಕಿದ್ದು 2008ರ ಯೂನಿಕೋಡ್ 5.1ರಲ್ಲಿ, ಅದಕ್ಕೂ ಮೊದಲು ಲಕಾರ, ಚಂದ್ರಕ್ಕಲ (ಮಲಯಾಳದ ಹಲಂತ ಚಿಹ್ನೆ) ಮತ್ತು ಕಾಣದ ಜೋಡಕ ಸೇರಿಸಿ ಬರೆಯುತ್ತಿದ್ದರು. ಈ ಹಳೆಯ ಮತ್ತು ಹೊಸ ರೂಪಗಳನ್ನು ಯೂನಿಕೋಡ್ ಸಮಾನವೆಂದು ಎಣಿಸುವುದಿಲ್ಲ. ಅವನ್ನು ಹೊಂದಿಸುವ ಪಟ್ಟಿಯನ್ನು ಪ್ರೋಗ್ರಾಂ ಬರೆಯುವವರೇ ಸಿದ್ಧಪಡಿಸಿಕೊಳ್ಳಬೇಕು.